ಬೂದಿಕೋಟೆಯ ಬಾಣ

ಬೆಳಿಗ್ಗೆ ಬಂಗಾರಪೇಟೆಯಿಂದ ಬೆಂಗಳೂರಿಗೆ ಹೊರಡೋ ಪ್ಯಾಸೆಂಜರ್ ರೈಲಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದ ದಿನ ನಾನು ಏನನ್ನಾದರೂ ಓದುತ್ತೇನೆ. ಸಿಗದ ದಿನ ನಿಂತುಕೊಂಡೇ ನಿದ್ದೆ. ಟೇಕಲ್, ಮಾಲೂರು ದಾಟಿ ವೈಟ್‌ಫೀಲ್ಡಲ್ಲಿ ಇಳಿಯೋ ಹೊತ್ತಿಗೆ ಅರ್ಧ ಅಧ್ಯಾಯ ಮುಗಿದಿರುತ್ತದೆ, ಸಂಜೆ ವಾಪಸ್ ಬರುವಾಗ ಇನ್ನರ್ಧ. ಈ ಲೇಖನ ಹಾಗೆ ಕಂತುಕಂತಾಗಿ ಓದಿದ್ದರ ಫಲ. ಆದರೆ ಶುರುವಾಗಿದ್ದು ಆಫೀಸಿನ ಒಂದು ಜಗಳದಿಂದ.

ಒಂದು ಶುಕ್ರವಾರ ಸಂಜೆ ನಮ್ಮ ಟೀಮಿನಲ್ಲಿ ಕ್ವಿಜ್ ಇತ್ತು. ಕಬ್ಬಿಣದ ಕೊಳವೆಯ ರಾಕೆಟ್ಟನ್ನು ಯುದ್ಧದಲ್ಲಿ ದೊಡ್ಡ ಮಟ್ಟದಲ್ಲಿ ಮೊದಲು ಬಳಸಿದ್ದು ಯಾರು ಅಂತ ಪ್ರಶ್ನೆ. ಒಬ್ಬ ಜರ್ಮನ್ನರು ಅಂದ, ಇನ್ನೊಬ್ಬಳು ಚೀನಾ ಅಂದಳು. ಮೂಲೆಯಿಂದ ಯಾರೋ "ಟಿಪ್ಪು" ಅಂದರು. ಆಯ್ತು ನೋಡಿ! ಎರಡೇ ನಿಮಿಷಕ್ಕೆ ರಾಕೆಟ್ ಎಲ್ಲೋ ಹೋಯಿತು, ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅನ್ನೋದೇ ಉಳಿಯಿತು. ನಾಲ್ಕು ಜನ ಆ ಕಡೆ, ಮೂರು ಜನ ಈ ಕಡೆ. ಕ್ವಿಜ್ ನಡೆಸುತ್ತಿದ್ದ ಹುಡುಗಿ ಪಾಪ ಸಮೋಸಾ ಬಂತು ಅಂತ ಹೇಳಿ ಸಭೆ ಮುಗಿಸಿದಳು. ನನಗೆ ಒಂದೇ ಮಾತು ಹೇಳಬೇಕಿತ್ತು: ಈ ಕತೆ ಟಿಪ್ಪುವಿನಿಂದ ಶುರುವಾಗಲ್ಲ ಗುರೂ, ಅವರ ತಾತನಿಂದ ಶುರುವಾಗುತ್ತೆ, ಅದೂ ನಮ್ಮೂರ ಪಕ್ಕದ ಹಳ್ಳಿಯಿಂದ. ಯಾರೂ ಕೇಳಿಸಿಕೊಳ್ಳಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬಂಗಾರಪೇಟೆ ಅಂದರೆ ಬೆಂಗಳೂರಿನವರಿಗೆ ಗೊತ್ತಿರೋದು ಪಾನಿಪುರಿ. ಬಿಳಿ ನೀರಿನ ಪಾನಿಪುರಿ. ಅದು ಬಿಟ್ಟರೆ ಕೆಜಿಎಫ್‌ಗೆ ಹೋಗೋಕೆ ರೈಲು ತಿರುಗೋ ಜಂಕ್ಷನ್. ಇಲ್ಲಿಂದ ಬೈಕಲ್ಲಿ ಅರ್ಧ ಗಂಟೆ ಹೋದರೆ ಬೂದಿಕೋಟೆ ಸಿಗುತ್ತದೆ. ಟೊಮ್ಯಾಟೊ ತೋಟ, ರಾಗಿ ಹೊಲ, ನೀಲಗಿರಿ ತೋಪು, ಕೋಲಾರ ಜಿಲ್ಲೆಯ ಯಾವ ಊರಿಗೆ ಹೋದರೂ ಕಾಣೋ ದೃಶ್ಯ ಅದೇ. ಈ ಬೂದಿಕೋಟೆಯಲ್ಲಿ 1720ರ ಆಸುಪಾಸಿನಲ್ಲಿ ಹೈದರ್ ಅಲಿ ಹುಟ್ಟಿದ. ಅಪ್ಪ ಫತ್ ಮಹಮ್ಮದ್ ಅಲ್ಲಿನ ನಾಯಕ, ಈಗಿನ ಲೆಕ್ಕದಲ್ಲಿ ಪೊಲೀಸ್ ಅಧಿಕಾರಿ ಅನ್ನಿ. ಅವನ ಬಗ್ಗೆ ಚರಿತ್ರೆ ಉಳಿಸಿಕೊಂಡಿರೋ ವಿವರ ಸ್ವಲ್ಪವೇ. ಆದರೆ ಅದರಲ್ಲಿ ಒಂದು ವಿವರ ನನ್ನನ್ನು ರೈಲಲ್ಲಿ ನೆಟ್ಟಗೆ ಕೂರಿಸಿತು: ಆರ್ಕಾಟಿನ ನವಾಬನ ಸೇವೆಯಲ್ಲಿ ಅವನು 50 ಜನ ರಾಕೆಟ್ ಸಿಪಾಯಿಗಳ ಮುಖ್ಯಸ್ಥನಾಗಿದ್ದ.

ಐವತ್ತು ಜನ. ನಮ್ಮ ಆಫೀಸಿನ ಒಂದು ಫ್ಲೋರ್‌ನಷ್ಟು.

ಫತ್ ಮಹಮ್ಮದ್ 1728ರ ಸುಮಾರಿಗೆ ಯುದ್ಧದಲ್ಲಿ ಸತ್ತ. ಮಕ್ಕಳು ಚಿಕ್ಕವರು. ಸಾಲದ ನೆಪದಲ್ಲಿ ದೊಡ್ಡಬಳ್ಳಾಪುರದ ಅಧಿಕಾರಿಯೊಬ್ಬ ಆ ಇಬ್ಬರು ಹುಡುಗರನ್ನು ನಗಾರಿಯೊಳಗೆ ಕೂಡಿಹಾಕಿ ಮೇಲಿಂದ ಬಾರಿಸಿದ ಅನ್ನೋ ಕತೆ ಇದೆ. ಆ ಹುಡುಗರಲ್ಲಿ ಒಬ್ಬ ಮುಂದೆ ಮೈಸೂರನ್ನೇ ಆಳಿದ. ಕೋಲಾರ ಪೇಟೆಯಲ್ಲಿ ಆ ಮನೆತನದ ಮಕ್ಬರಾ ಇವತ್ತಿಗೂ ಇದೆ. ಹೈದರ್ ದೊಡ್ಡವನಾಗಿ ಸೈನ್ಯ ಕಟ್ಟುವಾಗ ಅಪ್ಪನ ಕಸುಬನ್ನು ಮರೆಯಲಿಲ್ಲ. ಅವನ ಕಾಲದಲ್ಲಿ ರಾಕೆಟ್ ಪಡೆ ಸುಮಾರು 1,200 ಜನರದ್ದಾಯಿತು, ಮಗ ಟಿಪ್ಪುವಿನ ಕಾಲಕ್ಕೆ 5,000 ಆಯಿತು ಅಂತ ಲೆಕ್ಕ ಸಿಗುತ್ತದೆ.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಿಬಿಡೋಣ. ರಾಕೆಟ್ ಕಂಡುಹಿಡಿದಿದ್ದು ನಾವಲ್ಲ. ಚೀನಾದಲ್ಲಿ 13ನೇ ಶತಮಾನಕ್ಕೇ ಇತ್ತು. ಮೊಘಲರಿಗೂ ಮರಾಠರಿಗೂ ಗೊತ್ತಿತ್ತು. ಫತ್ ಮಹಮ್ಮದನ ಕಾಲದ್ದು ಬಿದಿರಿನ ರಾಕೆಟ್, ಹೆಚ್ಚಾಗಿ ಸನ್ನೆ ಕೊಡೋಕೆ ಬಳಸುತ್ತಿದ್ದದ್ದು. ವಾಟ್ಸಾಪಲ್ಲಿ ಬರೋ "ರಾಕೆಟ್ಟಿನ ಪಿತಾಮಹ" ಅನ್ನೋ ಫಾರ್ವರ್ಡ್‌ಗಳನ್ನು ನಂಬಬೇಡಿ. ಮೈಸೂರಿನಲ್ಲಿ ಆದದ್ದು ಬೇರೆ. ನನ್ನ ಮಟ್ಟಿಗೆ ಅದು ಕಂಡುಹಿಡಿಯೋದಕ್ಕಿಂತ ಸ್ವಾರಸ್ಯದ್ದು. ಕೊಳವೆ ಕಬ್ಬಿಣದ್ದಾಯಿತು.

ಅಷ್ಟೇನಾ ಅಂತೀರಾ? ಅಷ್ಟೇ. ಆ "ಅಷ್ಟೇ" ಎಷ್ಟು ದೊಡ್ಡದು ಅಂತ ನನಗೆ ಅರ್ಥ ಮಾಡಿಸಿದ್ದು ಪುಸ್ತಕ ಅಲ್ಲ, ನಮ್ಮ ತಾತ.

ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಮದ್ದು ಸಿಡಿಸೋ ಕೆಲಸದಲ್ಲಿದ್ದರು. ನೆಲದಡಿ ಮೂರು ಕಿಲೋಮೀಟರ್‌ಗೂ ಆಳಕ್ಕಿಳಿದ ಗಣಿ ಅದು. ಬಂಡೆಗೆ ತೂತು ಕೊರೆಯೋದು, ಮದ್ದು ತುಂಬೋದು, ಬತ್ತಿ ಹಚ್ಚಿ ದೂರ ಹೋಗೋದು. ರಿಟೈರ್ ಆದಮೇಲೂ ಅವರ ಬಲಗಿವಿಗೆ ಅಷ್ಟಾಗಿ ಕೇಳುತ್ತಿರಲಿಲ್ಲ. ದೀಪಾವಳಿಗೆ ನಾನು ಪಟಾಕಿ ಬಿಚ್ಚಿ ಒಳಗಿನ ಪುಡಿ ಪೇಪರ್ ಮೇಲೆ ಸುರಿದು ಕಡ್ಡಿ ಗೀರಿದರೆ ಅದು ಬುಸ್ ಅಂತ ಉರಿದು ಹೋಗುತ್ತಿತ್ತು, ಸದ್ದೇ ಇಲ್ಲ. ತಾತ ಜಗಲಿ ಮೇಲೆ ಕೂತು ನಗುತ್ತಿದ್ದರು. "ಲೋ, ಮದ್ದಿಗೆ ಜಾಗ ಕೊಟ್ರೆ ಅದಕ್ಕೆ ಕೋಪಾನೇ ಬರಲ್ಲ ಕಣೋ. ಅದುಮಬೇಕು. ಅದುಮಿದಷ್ಟೂ ಅದಕ್ಕೆ ಸಿಟ್ಟು." ಗಣಿಯಲ್ಲಿ ತೂತಿಗೆ ಮದ್ದು ಹಾಕಿದ ಮೇಲೆ ಬಾಯಿಗೆ ಜೇಡಿಮಣ್ಣು ಗಿಡಿಯುತ್ತಿದ್ದರಂತೆ. ಮಣ್ಣು ಸಡಿಲ ಇದ್ದರೆ ಮದ್ದೆಲ್ಲ ಬಾಯಿಂದ ಹೊರಗೆ ಉಗಿದು ಹೋಗುತ್ತೆ, ಬಂಡೆ ಹಾಗೇ ನಿಂತಿರುತ್ತೆ. ಬಿಗಿ ಇದ್ದರೆ ಬಂಡೆ ಒಡೆಯುತ್ತೆ.

ರಾಕೆಟ್ ಅಂದರೆ ಈ ಎರಡರ ನಡುವಿನ ಆಟ. ಅದುಮಬೇಕು, ಆದರೆ ಒಂದು ಕಡೆ ಬಾಯಿ ಬಿಟ್ಟಿರಬೇಕು. ಒಳಗೆ ಮದ್ದು ಉರಿದು ಹೊಗೆ ಹುಟ್ಟುತ್ತೆ, ಒತ್ತಡ ಏರುತ್ತೆ, ಬಾಯಿಂದ ಹಿಂದಕ್ಕೆ ನುಗ್ಗುತ್ತೆ, ಕೊಳವೆ ಮುಂದಕ್ಕೆ ಹೋಗುತ್ತೆ. ಒಳಗಿನ ಒತ್ತಡ ಜಾಸ್ತಿ ಆದಷ್ಟೂ ದೂರ ಜಾಸ್ತಿ. ಆದರೆ ಬಿದಿರೋ ರಟ್ಟೋ ಎಷ್ಟು ಒತ್ತಡ ತಡೆದೀತು? ಒಂದು ಮಿತಿ ದಾಟಿದರೆ ಹಾರೋ ಬದಲು ಕೈಯಲ್ಲೇ ಸಿಡಿಯುತ್ತೆ. ಯಾರೋ ಒಬ್ಬ ಮೆತ್ತನೆಯ ಕಬ್ಬಿಣದ ತಗಡನ್ನು ಬಡಿದು, ಸುತ್ತಿ, ಕೊಳವೆ ಮಾಡಿದ. ಅದರೊಳಗೆ ಮದ್ದನ್ನು ಹಿಂದೆಂದಿಗಿಂತ ಬಿಗಿಯಾಗಿ ತುಂಬಬಹುದಿತ್ತು. ದೂರ ಒಂದು ಕಿಲೋಮೀಟರ್ ಮುಟ್ಟಿತು, ಕೆಲವು ಅದಕ್ಕೂ ಮೀರಿ ಹೋದವು.

ಲಂಡನ್ನಿನ ವೂಲಿಚ್‌ನ ಸಂಗ್ರಹದಲ್ಲಿ ಮೈಸೂರಿನ ಎರಡು ರಾಕೆಟ್ ಉಳಿದಿದ್ದವು. ಅವನ್ನು ಅಳತೆ ಸಮೇತ ವಿವರಿಸಿದವರು ನಮ್ಮವರೇ ಆದ ರೊದ್ದಂ ನರಸಿಂಹ, ಬೆಂಗಳೂರಿನ ಎನ್‌ಎಎಲ್ ನಿರ್ದೇಶಕರಾಗಿದ್ದ ವಿಮಾನ ವಿಜ್ಞಾನಿ. (ಅವರ ತಂದೆ ಆರ್.ಎಲ್. ನರಸಿಂಹಯ್ಯ ಕನ್ನಡದಲ್ಲಿ ವಿಜ್ಞಾನ ಬರೆದ ಹಿರಿಯರಲ್ಲಿ ಒಬ್ಬರು.) 1985ರಲ್ಲಿ ಅವರು ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್‌ಗಳ ಬಗ್ಗೆ ಬರೆದ ಪ್ರಬಂಧವನ್ನು ನಾನು ಮೂರು ದಿನ ರೈಲಲ್ಲಿ ಓದಿದೆ. ಒಂದು ರಾಕೆಟ್ಟಿನ ಕೊಳವೆ 58 ಮಿಲಿಮೀಟರ್ ದಪ್ಪ, 254 ಮಿಲಿಮೀಟರ್ ಉದ್ದ, ಅದನ್ನು ಕಟ್ಟಿರೋದು ಸುಮಾರು ಒಂದು ಮೀಟರ್ ಉದ್ದದ ಕತ್ತಿಯ ಅಲಗಿಗೆ! ಇನ್ನೊಂದು 37 ಮಿಲಿಮೀಟರ್ ದಪ್ಪ, 198 ಉದ್ದ, ಕಟ್ಟಿರೋದು 1.9 ಮೀಟರ್ ಬಿದಿರಿಗೆ. ಎರಡನ್ನೂ ಬಿಗಿದಿರೋದು ಚರ್ಮದ ಪಟ್ಟಿಯಿಂದ. ಬಿದಿರು ಇರೋದು ಯಾಕೆ ಗೊತ್ತಾ? ಗಾಳಿಪಟಕ್ಕೆ ಬಾಲಂಗೋಚಿ ಇದ್ದ ಹಾಗೆ. ಅದಿಲ್ಲದಿದ್ದರೆ ರಾಕೆಟ್ ಗರಗರ ಸುತ್ತಿ ಹಚ್ಚಿದವನ ಕಡೆಗೇ ಬರುತ್ತೆ.

ಪುಸ್ತಕದಲ್ಲಿ ಅಳತೆ ನೋಡುತ್ತಾ ನಾನು ಬೇರೆಯೇ ಒಂದು ಪಟ್ಟಿ ಮಾಡುತ್ತಿದ್ದೆ. ಈ ಒಂದು ವಸ್ತುವಿಗೆ ಯಾರ್ಯಾರು ಬೇಕು? ಮದ್ದಿಗೆ ಬೇಕಾದ್ದು ಮೂರು: ಪೆಟ್ಲುಪ್ಪು, ಇದ್ದಿಲು, ಗಂಧಕ. ಪೆಟ್ಲುಪ್ಪು ಹಳೇ ಗೋಡೆ, ದನದ ಕೊಟ್ಟಿಗೆ ಮಣ್ಣಿನಲ್ಲಿ ಹುಟ್ಟುತ್ತೆ. ಆ ಮಣ್ಣನ್ನು ನೀರಲ್ಲಿ ಕದಡಿ, ಸೋಸಿ, ಕಾಯಿಸಿ ಹರಳು ತೆಗೆಯೋದು ಉಪ್ಪಾರರ ಹಳೇ ಕಸುಬು. ಇದ್ದಿಲು ಸುಡೋರು ಕಾಡಂಚಿನವರು. ಕಬ್ಬಿಣ ಕರಗಿಸೋರು, ಅದನ್ನು ಬಡಿಯೋ ಕಮ್ಮಾರರು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈ ನಾಡು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾಗಡಿ ಕಡೆಯ ಕಬ್ಬಿಣದ ಒಲೆಗಳನ್ನೂ, ಚನ್ನಪಟ್ಟಣದಲ್ಲಿ ವೀಣೆಯಂಥ ವಾದ್ಯಗಳಿಗೆ ಎಳೆಯುತ್ತಿದ್ದ ಉಕ್ಕಿನ ತಂತಿಯನ್ನೂ ಬರೆದಿಟ್ಟಿದ್ದಾನೆ. ಲೋಹದ ಕೈ ಅಷ್ಟು ನುರಿತಿತ್ತು ಇಲ್ಲಿ. ಬಿದಿರು ಸೀಳೋಕೆ ಮೇದರು. ಪಟ್ಟಿಗೆ ಚರ್ಮ ಹದ ಮಾಡೋರು. ಕಡೆಗೆ ಹಾರಿಸೋ ಸಿಪಾಯಿ. ಕೊಳವೆಯ ದಪ್ಪ, ಗುರಿಯ ದೂರ ನೋಡಿ ಎಷ್ಟು ಓರೆಯಾಗಿ ಇಡಬೇಕು ಅಂತ ಅವನಿಗೆ ತರಬೇತಿ ಇತ್ತು.

ಇವರು ಯಾರೂ ತಮ್ಮನ್ನು ಇಂಜಿನಿಯರ್ ಅಂತ ಕರೆದುಕೊಂಡಿರಲಿಕ್ಕಿಲ್ಲ. ಆದರೆ ಕೆಲಸ ಅದೇ. ಒಂದು ಕೊಳವೆ ಸಿಡಿದಾಗ "ತಗಡು ತೆಳ್ಳಗಾಯ್ತು" ಅಂದವನು, ಒಂದು ರಾಕೆಟ್ ಅಡ್ಡಾದಿಡ್ಡಿ ಹೋದಾಗ "ಗಳು ಇನ್ನೊಂದು ಮೊಳ ಉದ್ದ ಇರಲಿ" ಅಂದವನು, ಅವನು ಪರೀಕ್ಷೆ ಮಾಡುತ್ತಿದ್ದ ಅಂತಲೇ ಅರ್ಥ. ನಾವು ಈಗ ಟೆಸ್ಟ್ ಫೇಲ್ ಆಯ್ತು ಅಂತ ಟಿಕೆಟ್ ಹಾಕುತ್ತೇವೆ, ಅವನು ಬೆರಳು ಕಳೆದುಕೊಳ್ಳುತ್ತಿದ್ದ. ನಾನು ಓದಿದ ಒಂದು ಪುಸ್ತಕದಲ್ಲೂ ಅವರಲ್ಲಿ ಒಬ್ಬನ ಹೆಸರು ಕಾಣಲಿಲ್ಲ. ಫತ್ ಮಹಮ್ಮದನ ಹೆಸರು ಉಳಿದಿದ್ದು ಮಗ ದೊರೆಯಾದ ಅನ್ನೋ ಕಾರಣಕ್ಕೆ. ಅವನ ಕೈಕೆಳಗಿನ ಐವತ್ತು ಜನರ ಮಕ್ಕಳು ದೊರೆಗಳಾಗಲಿಲ್ಲ.

ಹೆಸರು ಉಳಿಯಲಿಲ್ಲ, ಮಾತು ಉಳಿದಿದೆ. ಆ ಕಾಲದಲ್ಲಿ ರಾಕೆಟ್ಟಿಗೆ ಹೇಳುತ್ತಿದ್ದದ್ದು "ಬಾಣ". ನಮ್ಮ ಜಾತ್ರೆಗಳಲ್ಲಿ ಈಗಲೂ "ಬಾಣಬಿರುಸು" ಹಾರಿಸುತ್ತಾರಲ್ಲ, ಅದರಲ್ಲಿರೋ ಬಾಣ ರಾಮಾಯಣದ ಬಾಣ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರ ತಾರಾಮಂಡಲಪೇಟೆ ಅಂತ ಒಂದು ಜಾಗ ಇದೆ. ಅಲ್ಲಿ ಗ್ರಹ ನಕ್ಷತ್ರ ನೋಡುತ್ತಿರಲಿಲ್ಲ, ರಾಕೆಟ್ ಮಾಡುತ್ತಿದ್ದರು. ಇವತ್ತು ಇಕ್ಕಟ್ಟಾದ ಅಂಗಡಿ ಸಾಲು, ತಳ್ಳುಗಾಡಿ, ಬೈಕಿನ ಹಾರನ್ನು. ಇಸ್ರೋ ಇರೋ ಊರಿನಲ್ಲಿ ರಾಕೆಟ್ ಕೇರಿಗೆ ಒಂದು ಸಣ್ಣ ಬೋರ್ಡನ್ನಾದರೂ ಹಾಕಬಹುದಿತ್ತು ಅಂತ ಅಲ್ಲಿ ಹೋದಾಗಲೆಲ್ಲ ಅನಿಸುತ್ತೆ. ಇನ್ನು "ಮದ್ದು" ಅನ್ನೋ ಪದವಂತೂ ಕನ್ನಡದ ತಮಾಷೆ. ಜ್ವರಕ್ಕೂ ಅದೇ, ಕೋವಿಗೂ ಅದೇ.

ಯುದ್ಧಗಳ ವಿಷಯಕ್ಕೆ ಬರೋಣ, ಚುಟುಕಾಗಿ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಕರ್ನಲ್ ವಿಲಿಯಂ ಬೇಲಿಯ ಪಡೆಯನ್ನು ಹೈದರ್ ಮತ್ತು ಟಿಪ್ಪು ಸುತ್ತುವರಿದು ಮುಗಿಸಿದರು. ಬ್ರಿಟಿಷರ ಮದ್ದಿನ ಗಾಡಿಗಳು ಸ್ಫೋಟಗೊಂಡಿದ್ದೇ ಅಲ್ಲಿ ನಿರ್ಣಾಯಕವಾಯಿತು. ರಾಕೆಟ್ ಬಡಿದೇ ಸ್ಫೋಟ ಆಯಿತು ಅಂತ ಬಹಳ ಜನ ಬರೆದಿದ್ದಾರೆ, ಫಿರಂಗಿ ಗುಂಡು ಅನ್ನೋರೂ ಇದ್ದಾರೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯಲ್ಲಿ ಆ ಗಾಡಿ ಸಿಡಿಯೋ ಚಿತ್ರ ಇದೆ, ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಂಡಿರೋ ಬೇಲಿಯೂ ಇದ್ದಾನೆ. ನೀವೆಲ್ಲ ಶಾಲೆಯ ಟೂರಿನಲ್ಲಿ ನೋಡಿದ್ದೀರಿ, ಮೇಷ್ಟ್ರು ಸಾಲಾಗಿ ಓಡಿಸಿದ್ದರಿಂದ ನೆನಪಿರಲ್ಲ.

ರಾಕೆಟ್ಟನ್ನು ಹೊಗಳುವಾಗ ಒಂದು ಮಾತು ಹೇಳಲೇಬೇಕು. ಗುರಿ ಅಷ್ಟಕ್ಕಷ್ಟೇ. ಎತ್ತು, ಕುದುರೆಗಳನ್ನು ಬೆದರಿಸೋಕೆ, ಒತ್ತೊತ್ತಾಗಿ ನಿಂತ ಸಾಲನ್ನು ಚದುರಿಸೋಕೆ ಅದು ಸರಿ. ಕೋಟೆ ಗೋಡೆ ಒಡೆಯೋಕೆ ಆಗಲ್ಲ, ಕೋಟೆ ಉಳಿಸೋಕೂ ಆಗಲಿಲ್ಲ. ಆದರೆ ರಾತ್ರಿಯಲ್ಲಿ ಅದರ ಎದುರು ನಿಲ್ಲೋದು ಬೇರೆ ಮಾತು. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗೆ ಸುಲ್ತಾನ್‌ಪೇಟೆಯ ತೋಪಿಗೆ ಬ್ರಿಟಿಷ್ ಪಡೆಯೊಂದು ನುಗ್ಗಿತು. ಕತ್ತಲು, ಮರ, ಕಾಲುವೆ, ಎದುರಿನಿಂದ ಕೋವಿ ಗುಂಡು, ಮೇಲಿಂದ ಬೆಂಕಿಯ ಬಾಣ. ಪಡೆ ದಿಕ್ಕೆಟ್ಟು ಹಿಂದೆ ಸರಿಯಿತು. ಮುನ್ನಡೆಸಿದ ಅಧಿಕಾರಿಗೆ ಮಂಡಿಗೆ ಪೆಟ್ಟು, ಅವನ ಹನ್ನೆರಡು ಜನ ಸೆರೆ ಸಿಕ್ಕರು. ಆ ಅಧಿಕಾರಿ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ಅವನ ಪಡೆ 33ನೇ ರೆಜಿಮೆಂಟ್. ಈ ನಂಬರ್ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಮೇ 4ಕ್ಕೆ ಕೋಟೆ ಬಿತ್ತು, ಟಿಪ್ಪು ಸತ್ತ. ಸಿಕ್ಕ ರಾಕೆಟ್‌ಗಳಲ್ಲಿ ಕೆಲವು ಹಡಗು ಹತ್ತಿ ವೂಲಿಚ್‌ನ ಆಯುಧಾಗಾರ ಸೇರಿದವು. 1804ರ ಹೊತ್ತಿಗೆ ಅಲ್ಲಿ ವಿಲಿಯಂ ಕಾಂಗ್ರೀವ್ ರಾಕೆಟ್ ಕೆಲಸ ಶುರು ಮಾಡಿದ. ಅವನದ್ದು ಕಬ್ಬಿಣದ ಕೊಳವೆಯೇ. ಆದರೆ ಮದ್ದಿನ ಪ್ರಮಾಣ ಒಂದೇ ಸಮ, ಅಳತೆ ಒಂದೇ ಸಮ, ತೂಕದ ಮೇಲೆ ನಂಬರ್, ಎಲ್ಲಕ್ಕೂ ಬರವಣಿಗೆ. ಫಿರಂಗಿಯ ಹಾಗೆ ರಾಕೆಟ್ ಹಿಂದಕ್ಕೆ ಒದೆಯಲ್ಲ, ಆದ್ದರಿಂದ ಸಣ್ಣ ದೋಣಿಯಿಂದಲೂ ಹಾರಿಸಬಹುದು ಅನ್ನೋದು ಅವನ ದೊಡ್ಡ ತರ್ಕ. 1807ರಲ್ಲಿ ಕೋಪನ್‌ಹೇಗನ್ ಉರಿಯಿತು. 1814ರಲ್ಲಿ ಅಮೆರಿಕದ ಮೆಕ್‌ಹೆನ್ರಿ ಕೋಟೆಯ ಮೇಲೆ ಅವೇ ರಾಕೆಟ್ ಬಿದ್ದವು. ಅದನ್ನು ಕಂಡು ಬರೆದ ಪದ್ಯ ಈಗ ಆ ದೇಶದ ರಾಷ್ಟ್ರಗೀತೆ, ಅದರಲ್ಲಿ ರಾಕೆಟ್ಟಿನ ಮಾತೂ ಇದೆ. ಕಾಂಗ್ರೀವ್ ಕದ್ದನಾ? ಕದ್ದ ಅಂತ ನಾನು ಹೇಳಲ್ಲ. ಅವನು ಮಾಡಿದ ಕೆಲಸ ಮೈಸೂರಿನಲ್ಲಿ ಆಗಿರಲಿಲ್ಲ: ಬರೆದಿಟ್ಟ, ಅಚ್ಚು ಹಾಕಿಸಿದ, ತನ್ನ ಹೆಸರು ಹಾಕಿಕೊಂಡ. ನಮ್ಮ ಕಮ್ಮಾರ ಗೊತ್ತಿದ್ದದ್ದನ್ನು ಮಗನ ಕಿವಿಗೆ ಹೇಳಿದ. ಕಾರ್ಖಾನೆ ಮುಚ್ಚಿದ ಮೇಲೆ ಮಗನಿಗೆ ಕುಡುಗೋಲು ತಟ್ಟೋದಷ್ಟೇ ಉಳಿಯಿತು.

ಈಗ 33ನೇ ರೆಜಿಮೆಂಟ್. ಅದೇ ರೆಜಿಮೆಂಟಿನಲ್ಲಿ ಜಾನ್ ವಾರೆನ್ ಅನ್ನೋ ಲೆಫ್ಟಿನೆಂಟ್ ಇದ್ದ. ಟಿಪ್ಪು ಸತ್ತ ಮೇಲೆ ರಾಜ್ಯದ ಗಡಿ ಗುರುತು ಹಾಕಬೇಕಿತ್ತು, ಅವನನ್ನು ಈ ಪೂರ್ವದ ಕಡೆಗೆ ಕಳಿಸಿದರು. ಕೋಲಾರದ ಸುತ್ತ ಮಣ್ಣಿನಲ್ಲಿ ಚಿನ್ನ ಇದೆ ಅನ್ನೋ ಮಾತು ಅವನ ಕಿವಿಗೆ ಬಿತ್ತು. ತೋರಿಸಿದವರಿಗೆ ಇನಾಮು ಅಂದ. ಊರಿಗಾಂ ಕಡೆಯವರು ಗಾಡಿ ತುಂಬ ಮಣ್ಣು ತಂದು ಅವನ ಎದುರೇ ತೊಳೆದು ಚಿನ್ನದ ಪುಡಿ ತೋರಿಸಿದರು. ಇದು 1802. ಅವನು ಬರೆದ ವರದಿಯನ್ನು ಎಷ್ಟೋ ವರ್ಷದ ಮೇಲೆ ಓದಿದ ಲಾವೆಲ್ ಅನ್ನೋ ನಿವೃತ್ತ ಸೈನಿಕ 1870ರ ದಶಕದಲ್ಲಿ ಗಣಿಗೆ ಅನುಮತಿ ತೆಗೆದುಕೊಂಡ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಕೆಜಿಎಫ್ ಹುಟ್ಟಿತು, ನಮ್ಮ ತಾತನಿಗೆ ಕೆಲಸ ಹುಟ್ಟಿತು. ಅಂದರೆ ಬೂದಿಕೋಟೆಯ ನಾಯಕನ ಮನೆತನವನ್ನು ಶ್ರೀರಂಗಪಟ್ಟಣದಲ್ಲಿ ಮುಗಿಸಿದ ಸೈನ್ಯದವನೇ ಬಂದು, ಆ ಬೂದಿಕೋಟೆಯ ಪಕ್ಕದ ಮಣ್ಣಿನಲ್ಲಿ ಚಿನ್ನ ನೋಡಿದ. ಮಣ್ಣು ತೊಳೆದು ತೋರಿಸಿದ ಹಳ್ಳಿಯವರ ಹೆಸರು? ಅದೂ ಇಲ್ಲ.

ಇನ್ನೂ ಒಂದಿದೆ, ಇದು ಬರೀ ತಮಾಷೆಗೆ. ಬಂಗಾರಪೇಟೆ ಅನ್ನೋ ಹೆಸರು ಬಂಗಾರದಿಂದ ಬಂದದ್ದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮೂಲ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್‌ನ ಹೆಸರು, ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯದ್ದೂ ಅದೇ. ಈ ಮಹಾಶಯ ಇಂಗ್ಲೆಂಡಿಗೆ ವಾಪಸ್ ಹೋದ ಮೇಲೆ, 1893ರಲ್ಲಿ ಒಂದು ಪುಸ್ತಕ ತಂದ. ವಿಷಯ: ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನ್. ನಮ್ಮೂರಿಗೆ ಹೆಸರು ಕೊಟ್ಟವನು ಪಕ್ಕದೂರಿನವನ ಜೀವನಚರಿತ್ರೆ ಬರೆದ! ನಮ್ಮ ಸ್ಟೇಷನ್ನಿನಲ್ಲಿ ನಿಂತು ಇದನ್ನು ಯಾರಿಗಾದರೂ ಹೇಳಿದರೆ "ಹೌದಾ, ರೈಲು ಎಷ್ಟು ಲೇಟು?" ಅಂತಾರೆ.

2018ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಅಂದರೆ 1763ರಲ್ಲಿ ಹೈದರ್ ಗೆದ್ದುಕೊಂಡ ಹಳೇ ಬಿದನೂರಿನಲ್ಲಿ, ಪಾಳುಬಾವಿಯೊಂದರ ಹೂಳಿನಿಂದ ಸಾವಿರಕ್ಕೂ ಹೆಚ್ಚು ತುಕ್ಕು ಹಿಡಿದ ರಾಕೆಟ್ ಹೊರಬಂದವು. ಹೂಳಿಗೆ ಮದ್ದಿನ ವಾಸನೆ ಇತ್ತು ಅಂತ ಪತ್ರಿಕೆಯಲ್ಲಿ ಓದಿದೆ. ಆಗ ತಾತ ಇನ್ನೂ ಇದ್ದರು. ಪೇಪರಿನ ಫೋಟೋ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿದ ಮೇಲೆ ಅವರು ಅಷ್ಟು ಗಮನ ಕೊಟ್ಟು ಏನನ್ನೂ ನೋಡಿದ್ದು ನನಗೆ ನೆನಪಿಲ್ಲ.

"ಬಾವಿಗೆ ಯಾರು ಹಾಕಿದ್ರಂತೆ?" ಅಂದರು.

"ಗೊತ್ತಿಲ್ಲ ತಾತ. ಬಚ್ಚಿಟ್ಟಿರಬಹುದು."

"ಬಚ್ಚಿಡೋನು ನೀರಿಗೆ ಹಾಕ್ತಾನೇನೋ? ಮದ್ದು ನೆಂದ್ರೆ ಮುಗೀತು. ಶತ್ರು ಕೈಗೆ ಸಿಗಬಾರ್ದು ಅಂತ ಮಾಡಿದೋನೇ ಹಾಕಿರ್ತಾನೆ." ಫೋಟೋ ಮೇಲೆ ಬೆರಳಿಟ್ಟು ಕೊಳವೆಯ ಅಂಚನ್ನು ತೋರಿಸಿದರು. "ನೋಡು, ಎಷ್ಟು ಚೆನ್ನಾಗಿ ಮಡಚವ್ನೆ."

ಅದು ಸರಿಯೋ ತಪ್ಪೋ ಪುರಾತತ್ವದವರು ಹೇಳಬೇಕು. ತಾತನ ಹಿತ್ತಾಳೆ ಟೋಕನ್ ನಮ್ಮ ಮನೆಯ ದೇವರ ಗೂಡಿನಲ್ಲಿದೆ, ಗಣಿಗೆ ಇಳಿಯುವಾಗ ಕೊಟ್ಟು ಹತ್ತಿ ಬಂದಾಗ ವಾಪಸ್ ತೆಗೆದುಕೊಳ್ಳುತ್ತಿದ್ದದ್ದು. ಅದರ ಮೇಲಿರೋದು ನಂಬರ್ ಮಾತ್ರ.

ಹೋದ ಭಾನುವಾರ ಕ್ವಿಜ್ ನಡೆಸಿದ ಹುಡುಗಿಯೂ ಅವಳ ಗೆಳೆಯನೂ ಪಾನಿಪುರಿ ತಿನ್ನೋಕೆ ಬಂಗಾರಪೇಟೆಗೆ ಬಂದಿದ್ದರು. ಇಬ್ಬರನ್ನೂ ಬೂದಿಕೋಟೆಗೆ ಕರೆದುಕೊಂಡು ಹೋದೆ. ಟೀ ಅಂಗಡಿಯ ಹಿರಿಯರನ್ನು ಇಲ್ಲಿ ನೋಡೋಕೆ ಏನಿದೆ ಅಂತ ಅವಳು ಕೇಳಿದಳು. "ನೋಡೋಕೇನೂ ಇಲ್ಲಮ್ಮ, ಹೈದರಾಲಿ ಹುಟ್ಟಿದ ಊರು" ಅಂದರು ಅವರು, ಲೋಟ ತೊಳೆಯುತ್ತಲೇ. ನಾವು ಟೀ ಕುಡಿದು, ಹಳ್ಳಿಯ ಆಚೆ ಬದಿಯ ಬಯಲಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆವು. ಒಂದು ಕಿಲೋಮೀಟರ್ ಅಂದರೆ ಎಷ್ಟು ದೂರ ಅಂತ ಅವಳು ಕೇಳಿದಳು. ನಾನು ಆಚೆ ಕಾಣುತ್ತಿದ್ದ ನೀಲಗಿರಿ ತೋಪು ತೋರಿಸಿದೆ.